ಲೆಕ್ಕದ ಕುಂಟೆ

"ಮಾವ, ದಿನಕ್ಕೆ ಎಷ್ಟು ಕೆಜಿ ಸೌದೆ ಹೋಗತ್ತೆ?" ಅಂತ ಕೇಳಿದ ತಂಗಿಯ ಮಗ.

ಬೆಳಗಿನ ಐದೂಮುಕ್ಕಾಲು. ನಾನು ಬಚ್ಚಲೊಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಹಿಂದಿನ ರಾತ್ರಿ ಯಾರೋ ನೀರು ಚೆಲ್ಲಿ ನೆನೆಸಿಟ್ಟಿದ್ದ ಕುಂಟೆಯನ್ನು, ಅಂದರೆ ದಪ್ಪ ಸೌದೆಯ ತುಂಡನ್ನು, ಊದಿ ಊದಿ ಕಣ್ಣು ಮೂಗು ಒಂದು ಮಾಡಿಕೊಂಡಿದ್ದೆ. ಸಾಗರದ ಕಡೆಯ ಡಿಸೆಂಬರ್ ಚಳಿ. ಅವನು ಕಂಬಳಿ ಹೊದ್ದು ಬಾಗಿಲಲ್ಲಿ ನಿಂತಿದ್ದ. ಕಂಬಳಿಯಿಂದ ಹೊರಗಿದ್ದದ್ದು ಮೂಗು ಮತ್ತು ಮೊಬೈಲು. ಸೌದೆಯನ್ನು ಕೆಜಿಯಲ್ಲಿ ಯಾರು ಅಳೀತಾರೆ? ನಮ್ಮಲ್ಲಿ ಸೌದೆಗೆ ಇರುವುದು ಎರಡೇ ಅಳತೆ: "ಇದೆ" ಮತ್ತು "ಮುಗೀತಾ ಬಂತು". ಮೇ ತಿಂಗಳಲ್ಲಿ ಮೊದಲನೆಯದು. ಆಗಸ್ಟಿನ ಮಳೆಯಲ್ಲಿ ಸೌದೆಮನೆಯ ಹಿಂದಿನ ಗೋಡೆ ಕಾಣಲು ಶುರುವಾದಾಗ ಎರಡನೆಯದು.

"ಮೂರು ಕುಂಟೆ, ಒಂದು ಹಿಡಿ ಸೋಗೆ, ಎರಡು ಕರಟ" ಅಂದೆ. ಅದನ್ನು ಅವನು ಬರೆದುಕೊಳ್ಳಲಿಲ್ಲ.

ಹುಡುಗ ಒಳ್ಳೆಯವನೇ. ಅಜ್ಜಿಗೆ ಹೊಗೆ ಆಗುವುದಿಲ್ಲ, ಮಾವನಿಗೆ ವಯಸ್ಸಾಯಿತು, ಒಂದು ಗೀಸರ್ ಕೊಡಿಸಿಯೇ ಹೋಗುತ್ತೇನೆ ಅಂತ ಬೆಂಗಳೂರಿನಿಂದ ಬಂದಿದ್ದ. ಆದರೆ ಇಂಜಿನಿಯರು. ಪಟ್ಟಿ ಮಾಡದೆ ಕೊತ್ತಂಬರಿ ಸೊಪ್ಪನ್ನೂ ತಾರದ ಜಾತಿ. ಕಾಫಿ ಕುಡಿಯುವುದರೊಳಗೆ ಲ್ಯಾಪ್‌ಟಾಪು ಜಗಲಿಗೆ ಬಂತು. ಐದು ಜನ, ತಲೆಗೆ 25 ಲೀಟರ್, ಒಟ್ಟು 125. ಟ್ಯಾಂಕಿನ ನೀರು ಬೆಳಿಗ್ಗೆ 18 ಡಿಗ್ರಿ ಅಂತ ಹಿಡಿದ. ಸ್ನಾನಕ್ಕೆ 40 ಸಾಕು ಅಂದಿದ್ದಕ್ಕೆ ನಮ್ಮಮ್ಮ "ಅದು ಕೈ ತೊಳೆಯೋ ನೀರು" ಅಂದಳು, 48 ಮಾಡಿಕೊಂಡ. ಲೀಟರ್ ನೀರು ಒಂದು ಡಿಗ್ರಿ ಏರಲು ಒಂದು ಕಿಲೋಕ್ಯಾಲೊರಿ, ಅಲ್ಲಿಗೆ 3,750 ಆಯಿತು. ಒಂದು ಯೂನಿಟ್ ಕರೆಂಟಿನಲ್ಲಿ 860 ಇರುತ್ತದೆ. ಸೋರಿಕೆ ಸೇರಿಸಿ ದಿನಕ್ಕೆ 5 ಯೂನಿಟ್, ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 30 ರೂಪಾಯಿ. ಗ್ಯಾಸಿನಲ್ಲಾದರೆ ಕೆಜಿಗೆ ಸುಮಾರು 11,000 ಕಿಲೋಕ್ಯಾಲೊರಿ. ಸಿಲಿಂಡರಿನಲ್ಲಿ 14.2 ಕೆಜಿ, ಬೆಲೆ 850 ಅಂತ ಹಿಡಿದ, ಅಂದರೆ ಕೆಜಿಗೆ 60. ಗ್ಯಾಸ್ ಗೀಸರ್ ಐದರಲ್ಲಿ ಒಂದು ಪಾಲು ಶಾಖ ಹಾಳು ಮಾಡಿದರೂ ದಿನದ ಖರ್ಚು 26 ರೂಪಾಯಿ.

ಮುಕ್ಕಾಲು ಗಂಟೆಯ ಲೆಕ್ಕಕ್ಕೆ ಸಿಕ್ಕ ವ್ಯತ್ಯಾಸ ನಾಲ್ಕು ರೂಪಾಯಿ. ಅಷ್ಟಕ್ಕೆ ಈಗ ಒಂದು ಬಾಳೆಹಣ್ಣೂ ಬರುವುದಿಲ್ಲ ಅಂದೆ. "ತಿಂಗಳಿಗೆ 120 ಮಾವ" ಅಂದ. ಇರಲಿ.

"ಕರೆಂಟಾದ್ರೆ ಫ್ರೀ ಅಲ್ವಾ?" ಅಂತ ಒಳಗಿನಿಂದ ನನ್ನ ಹೆಂಡತಿ. ಇದು ನನ್ನ ಹುಣ್ಣಿಗೆ ಕಡ್ಡಿ ಹಾಕಿದಂತೆ. 2023ರ ಆಗಸ್ಟಿನಿಂದ ಗೃಹಜ್ಯೋತಿ ಬಂತು, 200 ಯೂನಿಟ್ಟಿನವರೆಗೆ ಬಿಟ್ಟಿ ಅಂತ ಊರೆಲ್ಲ ಸಂಭ್ರಮ. ಆಮೇಲೆ ತಿಳಿದದ್ದು, 200 ಬರೀ ಗಡಿ. ನಮಗೆ ಸಿಗುವುದು 2022-23ರಲ್ಲಿ ನಾವು ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿದ್ದೆವೋ ಅದು, ಜೊತೆಗೆ ಶೇ. 10. ಆ ವರ್ಷ ನಾನು "ಲೈಟ್ ಆರಿಸ್ರೋ" ಅಂತ ಮನೆಯಿಡೀ ಕೂಗಾಡಿಕೊಂಡು ಓಡಾಡಿದ್ದರ ಫಲವಾಗಿ ನಮ್ಮ ಸರಾಸರಿ 62. ಆದ್ದರಿಂದ ನಮಗೆ 68. ಹಗಲು ರಾತ್ರಿ ಅಂಗಳದ ದೀಪ ಉರಿಸಿದವರಿಗೆ ಅದಕ್ಕಿಂತ ಹೆಚ್ಚು. ಮಿತವ್ಯಯ ಅಂತ ಶಾಲೆಯಲ್ಲಿ ಪ್ರಬಂಧ ಬರೆಸುತ್ತಿದ್ದರಲ್ಲ, ಆ ಮೇಷ್ಟ್ರು ಈಗ ಸಿಗಬೇಕು ನನಗೆ. ಹುಡುಗ ಕೂಡಿಸಿ ನೋಡಿದ: 62ಕ್ಕೆ ಗೀಸರಿನ 150 ಸೇರಿದರೆ 212. ಇನ್ನೂರು ದಾಟಿತು, ಪೂರ್ತಿ ಬಿಲ್ಲು ನಮ್ಮದೇ. "ಚಳಿಗಾಲದಲ್ಲಿ ಎರಡು ದಿನಕ್ಕೊಮ್ಮೆ ಸ್ನಾನ ಮಾಡಿದ್ರೆ ಇನ್ನೂರರೊಳಗೇ..." ಅಂತ ಶುರು ಮಾಡಿದ, ಅಜ್ಜಿಯ ಮುಖ ನೋಡಿ ನಿಲ್ಲಿಸಿದ.

ಉಳಿದದ್ದು ಸೌದೆ. ಅದಕ್ಕೆ ತೂಕ ಬೇಕೇ ಬೇಕು.

ಡಿಸೆಂಬರ್ ಅಂದರೆ ನಮ್ಮಲ್ಲಿ ಅಡಿಕೆ ಕೊಯ್ಲಿನ ನಡುಮಧ್ಯ. ಚಪ್ಪರದಡಿ ಏಳೆಂಟು ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರು. ಜಗಲಿಯ ಮೂಲೆಯಲ್ಲಿ ಅಡಿಕೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ. ಅದನ್ನು ಎತ್ತಿಕೊಂಡು ಸೌದೆಮನೆ ಕಡೆ ಹೊರಟ ಮೊಮ್ಮಗನನ್ನು ನೋಡಿ ನಮ್ಮಮ್ಮ, "ಎಂತಕ್ಕೋ ತೂಗೋದು ಅದನ್ನ? ಮಾರಕ್ಕಾ?" ಅಂದಳು. ಅವನು ವಿವರಿಸಿದ. ಅವಳು ಪೂರ್ತಿ ಕೇಳಿಸಿಕೊಂಡು, "ಮಾರಕ್ಕಲ್ಲ ಅಂದ್ರೆ ಎಂತಕ್ಕೆ?" ಅಂತ ಮತ್ತೆ ಅದನ್ನೇ ಕೇಳಿದಳು.

ಅಕೇಶಿಯಾದ ಮೊದಲ ಕುಂಟೆ ತಕ್ಕಡಿಗೆ ಏರಿತು. 3.210. ಹುಡುಗ ಸೀಮೆಸುಣ್ಣದಲ್ಲಿ ಅದರ ಹೊಟ್ಟೆಯ ಮೇಲೇ ಬರೆದ. ಎರಡನೆಯದು ಅಷ್ಟೇ ದಪ್ಪ, ಅಷ್ಟೇ ಉದ್ದ, ಆದರೆ 5.480. ತಕ್ಕಡಿಯನ್ನು ತಟ್ಟಿ ನೋಡಿದ, ಸೊನ್ನೆ ಮಾಡಿ ಮತ್ತೆ ಇಟ್ಟ. ಅಷ್ಟೇ. ಅದು ಹೋದ ತಿಂಗಳು ಗಾಳಿಗೆ ಬಿದ್ದ ಮರದ್ದು, ಹಸಿ ಅಂತ ನಾನು ಹೇಳಲಿಲ್ಲ. ಕಲಿಯಲಿ. ಹಸಿ ಸೌದೆಯಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಒಲೆಗಿಟ್ಟರೆ ಮೊದಲು ತನ್ನೊಳಗಿನ ನೀರು ಕಾಯಿಸಿಕೊಳ್ಳುತ್ತದೆ, ಆಮೇಲೆ ಉಳಿದರೆ ಹಂಡೆಯದು. ಅಷ್ಟರಲ್ಲಿ ಸುಲಿಯುವ ಹೆಂಗಸರ ಕೈ ನಿಂತಿತ್ತು. "ಸೌದೆಗೂ ಟೆಂಡರ್ ಕರೀತಾರಾ ಹೆಗ್ಡೇರೆ ಈ ಸಲ?" ಅಂತ ಒಬ್ಬಳು ಕೇಳಿದಳು. ಉಳಿದವರು ನಗುತ್ತ ಕೂತರು. ದಿನಗೂಲಿಯಲ್ಲ, ಸುಲಿದಷ್ಟಕ್ಕೇ ಕೂಲಿಯಾದ್ದರಿಂದ ಆ ನಗುವಿನ ಖರ್ಚು ನನ್ನದಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಹತ್ತನೆಯದೋ ಹನ್ನೊಂದನೆಯದೋ ಕುಂಟೆ, ಮತ್ತಿ ಮರದ್ದು, ತೊಗಟೆ ಬಿಟ್ಟುಕೊಂಡಿತ್ತು. 4.860 ಅಂತ ಬರೆಯಲು ಬಗ್ಗಿದವನ ಬೆರಳಿಗೂ ತೊಗಟೆಗೂ ನಡುವಿನಿಂದ ಕರೀ ಚೇಳೊಂದು, ತನಗೂ ಈ ಲೆಕ್ಕಕ್ಕೂ ಸಂಬಂಧವಿಲ್ಲ ಎಂಬಂತೆ ಸಾವಕಾಶ ಇಳಿದು ತಕ್ಕಡಿಯ ಮೇಲೆ ನಿಂತಿತು. ಹುಡುಗ ಹಾರಿದ ರಭಸಕ್ಕೆ ಲ್ಯಾಪ್‌ಟಾಪು ಅಡಿಕೆ ಸಿಪ್ಪೆಯ ರಾಶಿಯಲ್ಲಿ ಬಿತ್ತು, ಮೆತ್ತಗಿದ್ದದ್ದರಿಂದ ಉಳಿಯಿತು. ನನ್ನ ಹೆಂಡತಿ ಹಿಡಿಕಟ್ಟು ತಂದು ಚೇಳನ್ನು ಸರಿಸಿ, ತಣ್ಣಗೆ, "ಅದರ ತೂಕ ಕಳೆದ್ಯಾ?" ಅಂದಳು.

ಅಂತೂ ಮೂರು ದಿನದ ಸರಾಸರಿ ತೆಗೆದು ದಿನಕ್ಕೆ 7 ಕೆಜಿ ಅಂತ ತೀರ್ಮಾನವಾಯಿತು. ನಮ್ಮ ಒಲೆಯ ಶಾಖದಲ್ಲಿ ನೂರಕ್ಕೆ ಹದಿನೈದು ಮಾತ್ರ ಹಂಡೆಗೆ ಹೋಗುತ್ತದಂತೆ, ಉಳಿದದ್ದು ಹೆಂಚಿಗೆ. ಇದೇನು ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರ ಅಸ್ತ್ರ ಒಲೆ ಊರಿಗೆ ಬಂದಾಗ ಅಪ್ಪಯ್ಯನೂ ಹಾಕಿಸಿದ್ದ. ಅದು ಕಡಿಮೆ ಸೌದೆ ಕೇಳುತ್ತಿತ್ತು ನಿಜ, ಆದರೆ ಸಣ್ಣ ಸಣ್ಣದಾಗಿ ಸೀಳಿದ್ದನ್ನೇ ಕೇಳುತ್ತಿತ್ತು. ಸೀಳುವವರು ಯಾರು? ಎರಡು ವರ್ಷಕ್ಕೆ ಹಳೆಯ ಒಲೆಯೇ ಬಂತು. ಹುಡುಗ ಕೆಜಿಗೆ 5 ರೂಪಾಯಿ ಅಂತ ತಾನೇ ಒಂದು ದರ ಹಾಕಿಕೊಂಡ. 35 ರೂಪಾಯಿ! ಮೂರರಲ್ಲಿ ಸೌದೆಯೇ ದುಬಾರಿ!

ನನಗೆ ರೇಗಿತು. ತೋಟದ್ದು, ಬೇಲಿಯದ್ದು, ಗಾಳಿಗೆ ಬಿದ್ದದ್ದು, ಅದಕ್ಕೆಂಥ ದರ? "ಹಾಗಾದ್ರೆ ಸೊನ್ನೆ ಹಾಕ್ಲಾ?" ಅಂದ. ಅದೂ ರೇಗಿಸಿತು. ಸೊನ್ನೆ ಅಂದರೇನು? ಒಡೆಸಿದ ಕೂಲಿ? ಹೊತ್ತದ್ದು? ಬೆಳಗಿನ ಐದೂವರೆಗೆ ಏಳುವ ನನ್ನ ಕೂಲಿ? "ನೀವು ಒಟ್ಟೋದು ನೆಂಟರು ಬಂದಾಗ, ಮಿಕ್ಕ ದಿನ ನಾನು" ಅಂತ ಒಳಗಿನಿಂದ ದನಿ ಬಂತು. ಆ ವಿಷಯ ಮುಂದುವರಿಸಲಿಲ್ಲ. ಅಲ್ಲದೆ ಅಡಿಕೆ ಬೇಯಿಸುವ ದಿನ ಆ ಒಲೆಯ ಕೆಂಡವನ್ನು ಬಾಂಡಲಿಯಲ್ಲಿ ತುಂಬಿ ಬಚ್ಚಲೊಲೆಗೆ ತಳ್ಳುತ್ತೇವೆ. ಆ ಕೆಂಡ ತೋಟದ ಖರ್ಚೋ, ಮನೆ ಖರ್ಚೋ? ಅವನ ಪಟ್ಟಿಯಲ್ಲಿ ಕೆಂಡಕ್ಕೆ ಕಾಲಮ್ಮಿರಲಿಲ್ಲ.

ನೆಂಟರು ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಪೇಟೆಯಿಂದ ಬಂದವರೆಲ್ಲ ಹಂಡೆ ನೀರು ನೋಡಿ "ಆಹಾ, ಈ ಸುಖ ನಮಗೆಲ್ಲಿ!" ಅನ್ನುತ್ತಾರೆ. ಫೋಟೊ ತೆಗೆಯುತ್ತಾರೆ. ಒಬ್ಬೊಬ್ಬರೂ ಮುಕ್ಕಾಲು ಗಂಟೆ ಬಾಗಿಲು ಹಾಕಿಕೊಂಡು ಹಂಡೆಯ ತಳ ಕಾಣಿಸಿ ಬರುತ್ತಾರೆ. ಇವತ್ತಿನವರೆಗೆ ಒಬ್ಬನೇ ಒಬ್ಬ ಹೊರಗೆ ಬರುವಾಗ ನಾಲ್ಕು ಕೊಡ ನೀರು ಹೊಯ್ದು, ಕುಂಟೆಯೊಂದನ್ನು ಮುಂದೆ ದೂಡಿ ಬಂದದ್ದಿಲ್ಲ. ಸುಖವಂತೆ ಸುಖ. ಈ ಬರಹ ಅವರಲ್ಲಿ ಯಾರಾದರೂ ಓದಿದರೆ ಓದಲಿ.

ಸೋಲಾರ್ ಯಾಕಿಲ್ಲ ಅಂತ ಕೇಳುವವರಿಗೆ: ಮಳೆಗಾಲದ ನಾಲ್ಕು ತಿಂಗಳು ಸೂರ್ಯನೇ ರಜೆ ಹಾಕುತ್ತಾನೆ, ಉಳಿದ ಎಂಟು ತಿಂಗಳು ಮಂಗಗಳು ಹಾಕುವುದಿಲ್ಲ. ಪಕ್ಕದ ಮನೆಯವರ ಮಾಡಿನ ಮೇಲೆ ಗಾಜಿನ ಕೊಳವೆ ಒಡೆದದ್ದು ಈ ವರ್ಷ ಎರಡು ಸಲ. ಗ್ಯಾಸ್ ಗೀಸರ್ ಬಚ್ಚಲೊಳಗೆ ಹಾಕಬಾರದು, ಕಿಟಕಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಕಟ್ಟಿ ಉಸಿರೇ ನಿಲ್ಲುತ್ತದೆ ಅಂತ ಹುಡುಗನೇ ಹೇಳಿದ. ಹೊರಗೆ ಹಾಕಿದರೆ ಮತ್ತೆ ಮಂಗ.

ನಾಲ್ಕನೇ ದಿನ ರಜೆ ಮುಗಿದು ಹೊರಟ. ಗೀಸರ್ ಬರಲಿಲ್ಲ, ಹಬ್ಬಕ್ಕೆ ಬಂದಾಗ ನೋಡೋಣ, ಒದ್ದೆ ಸೌದೆಗೆ ಬೇರೆ ಕಾಲಮ್ ಮಾಡಬೇಕು ಅಂದ.

ನಿನ್ನೆ ಬೆಳಿಗ್ಗೆ ಒಲೆ ಹಚ್ಚಲು ಹೋದೆ. ಬಚ್ಚಲ ಬದಿಯ ಗೋಡೆಗೆ ಹನ್ನೆರಡು ಕುಂಟೆ ಒರಗಿಸಿ ಇಟ್ಟಿತ್ತು, ಒಂದೊಂದರ ಹೊಟ್ಟೆಯ ಮೇಲೂ ಸುಣ್ಣದ ಅಂಕಿ. ಮತ್ತಿಯದು, 4.860, ಚೆನ್ನಾಗಿ ಒಣಗಿತ್ತು. ಕೈ ಹಾಕಿದೆ.

"ಅದನ್ನ ಮುಟ್ಟಬೇಡ, ಅದು ಲೆಕ್ಕದ್ದು" ಅಂದಳು ಅಮ್ಮ. "ಹುಡುಗ ಬಂದ್ಮೇಲೆ ಸುಟ್ಟರಾಯ್ತು."