ಏಳೇ ಏಳು ದಿನ

ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕು. ಶುಕ್ರವಾರ ಹಬ್ಬದ ದಿನ ಆಡಿದೆ. ನಿನ್ನೆ ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು 2022ರ ಜನವರಿ 16, ಭಾನುವಾರ, ಕೋವಿಡ್‌ನ ವೀಕೆಂಡ್ ಕರ್ಫ್ಯೂ. ಮನೆಯಲ್ಲಿದ್ದ ಅವರೆಕಾಯಿಯನ್ನೆಲ್ಲ ಬಿಡಿಸಿ ಮುಗಿಸಿದೆ. ಒಳ್ಳೆ ಮಾತಿನ ಸ್ಟಾಕೂ ಮುಗಿಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಭಾವ ದುಬೈಯಿಂದ ಬಂದಿದ್ದಾರೆ. ಫೋಟೊ ನೀವೂ ನೋಡಿರುತ್ತೀರಿ. ಅರ್ಧ ಜನ ಲೈಕ್ ಒತ್ತಿದ್ದೀರಿ. ನಾನೂ ಒತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ. (ಅವರೂ ಈ ಫ್ರೆಂಡ್ ಲಿಸ್ಟಿನಲ್ಲೇ ಇದ್ದಾರೆ. ಓದಲಿ. ಭಾವ, ನಮಸ್ಕಾರ.)

ಅಕ್ಕ, ಭಾವ, ಇಬ್ಬರು ಮಕ್ಕಳು. ಹೊಸ ವರ್ಷಕ್ಕೆ ಹೋದರು, ದುಬೈ ಸುತ್ತಿದರು, ಎಕ್ಸ್‌ಪೋ ನೋಡಿದರು, ಅಬುಧಾಬಿಗೆ ಹೋಗಿ ಯಾಸ್ ದ್ವೀಪದ ಫೆರಾರಿ ವರ್ಲ್ಡ್ ಅನ್ನುವ ಥೀಮ್ ಪಾರ್ಕಿನಲ್ಲಿ ಒಂದು ದಿನ ಪೂರ್ತಿ ಕುಣಿದರು. 12ನೇ ತಾರೀಕು ಬುಧವಾರ ಬೆಳಗ್ಗೆ ದೇವನಹಳ್ಳಿಯಲ್ಲಿ ಇಳಿದರು. ಅದರ ಹಿಂದಿನ ದಿನವಷ್ಟೇ ಹೊಸ ನಿಯಮ ಬಂದಿತ್ತು. ಯಾವ ದೇಶದಿಂದ ಬಂದರೂ ಸರಿ, ಏಳು ದಿನ ಮನೆಯಲ್ಲೇ ಇರಬೇಕು. ಎಂಟನೇ ದಿನ ಆರ್‌ಟಿಪಿಸಿಆರ್ ಟೆಸ್ಟ್ ಮಾಡಿಸಿ ರಿಪೋರ್ಟನ್ನು ಸರ್ಕಾರದ ಏರ್ ಸುವಿಧಾ ವೆಬ್‌ಸೈಟಿನಲ್ಲಿ ಹಾಕಬೇಕು. ಏಳು ದಿನ. ಜೈಲಿನಲ್ಲಲ್ಲ, ಆಸ್ಪತ್ರೆಯಲ್ಲಲ್ಲ. ಕೆ.ಆರ್. ಪುರದಲ್ಲಿರುವ ಸ್ವಂತ ಫ್ಲಾಟಿನಲ್ಲಿ, ವೈಫೈ ಹಾಕಿಕೊಂಡು, ಅಕ್ಕ ಮಾಡಿಕೊಟ್ಟ ಬಿಸಿ ಬಿಸಿ ಕಾಫಿ ಕುಡಿದುಕೊಂಡು.

ಮೂರನೇ ದಿನಕ್ಕೆ ಚಿಂತಾಮಣಿಯ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು.

"ಏನು ಟೀಚರಮ್ಮ, ಎಳ್ಳು ಬೀರೋಕೆ ಬಂದಿದ್ದೀವಿ!"

ಮಾಸ್ಕು ಗದ್ದದ ಕೆಳಗೆ. ತಟ್ಟೆಯಲ್ಲಿ ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು. ಪಕ್ಕದಲ್ಲಿ ದುಬೈ ಖರ್ಜೂರದ ದೊಡ್ಡ ಪ್ಯಾಕೆಟ್ಟು. ಮಕ್ಕಳು ಆಗಲೇ ಒಳಗೆ ಓಡಿ ಅಮ್ಮನ ಮಂಚ ಹತ್ತಿ ಕೂತಿದ್ದರು. ನಮ್ಮಮ್ಮನಿಗೆ 72 ವರ್ಷ, ಉಬ್ಬಸ ಬೇರೆ. ಲಸಿಕೆಯ ಎರಡನೇ ಡೋಸ್ ಆಗಿದ್ದು ಕಳೆದ ಜೂನಿನಲ್ಲಿ. ಈ ತಿಂಗಳು 10ರಿಂದ ಕೊಡುತ್ತಿರುವ ಮುನ್ನೆಚ್ಚರಿಕೆ ಡೋಸ್ ಸಿಗಬೇಕಾದರೆ ಒಂಬತ್ತು ತಿಂಗಳು ತುಂಬಬೇಕು. ಅಂದರೆ ಮಾರ್ಚ್. ಇದು ಅಕ್ಕನಿಗೂ ಗೊತ್ತು, ಭಾವನಿಗೂ ಗೊತ್ತು.

"ಭಾವ, ಇವತ್ತಿಗೆ ಎಷ್ಟನೇ ದಿನ?" ಅಂದೆ, ನಗುನಗುತ್ತಲೇ.

"ಅಯ್ಯೋ, ಅಲ್ಲಿಂದ ಹೊರಡೋಕೆ ಮುಂಚೇನೇ ನೆಗೆಟಿವ್ ಬಂದಿದೆಯಮ್ಮ. ತೋರಿಸ್ಲಾ?"

ತೋರಿಸಿಯೇ ಬಿಟ್ಟರು. 10ನೇ ತಾರೀಕಿನ ರಿಪೋರ್ಟು. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಇದನ್ನು ಎಂಟನೇ ಕ್ಲಾಸಿನ ಮಕ್ಕಳಿಗೆ ಒಂದೇ ಪೀರಿಯಡ್‌ನಲ್ಲಿ ಅರ್ಥ ಮಾಡಿಸಿದ್ದೇನೆ. 10ರ ರಿಪೋರ್ಟು 10ನೇ ತಾರೀಕಿನ ಮೂಗಿನ ಕಥೆ ಹೇಳುತ್ತದೆ. 14ನೇ ತಾರೀಕಿನ ಮೂಗಿನ ಕಥೆ ಅದಕ್ಕೆ ಗೊತ್ತಿಲ್ಲ. ಸ್ವಾಬ್ ಕೊಟ್ಟ ಮೇಲೆ ಮಾಲ್‌ಗೆ ಹೋಗಿದ್ದಾರೆ, ಏರ್‌ಪೋರ್ಟಿನಲ್ಲಿ ಕಾದಿದ್ದಾರೆ, ತುಂಬಿದ ವಿಮಾನದಲ್ಲಿ ಗಂಟೆಗಟ್ಟಲೆ ಕೂತಿದ್ದಾರೆ. ಆ ವೈರಸ್ಸು ಮೈಗೆ ಹೊಕ್ಕು ಗೊತ್ತಾಗೋಕೆ ಎರಡು ಮೂರು ದಿನ ಬೇಕು. ಏಳು ದಿನ ಅಂತ ಹೇಳಿರುವುದೇ ಅದಕ್ಕೆ, ಶಾಸ್ತ್ರಕ್ಕಲ್ಲ.

2020ರ ಜುಲೈನಲ್ಲಿ ಜಪಾನಿನ ಒಂದು ವಿಡಿಯೊ ಹಾಕಿದ್ದೆ, ನೆನಪಿದೆಯಾ? ಫ್ಯೂಜಿ ಕ್ಯೂ ಹೈಲ್ಯಾಂಡ್ ಅನ್ನುವ ಥೀಮ್ ಪಾರ್ಕ್. ಕೋಟು ಟೈ ಹಾಕಿದ ಇಬ್ಬರು ಅಧಿಕಾರಿಗಳು ಮಾಸ್ಕ್ ಹಾಕಿಕೊಂಡು ರೋಲರ್ ಕೋಸ್ಟರ್‌ನಲ್ಲಿ ಕೂತಿದ್ದಾರೆ. ಗಾಡಿ ಮೇಲಿಂದ ಧುಮುಕುತ್ತದೆ, ತಿರುಗುತ್ತದೆ, ಇವರು ಉಸಿರೆತ್ತುವುದಿಲ್ಲ. ಒಬ್ಬರು ಕೂದಲು ಸರಿ ಮಾಡಿಕೊಳ್ಳುತ್ತಾರೆ. ಕೊನೆಯಲ್ಲಿ ಒಂದು ಸಾಲು ಬರುತ್ತದೆ: ಕಿರುಚುವುದಿದ್ದರೆ ಮನಸ್ಸಿನೊಳಗೇ ಕಿರುಚಿ. ಆವತ್ತು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಮೊನ್ನೆ ಶುಕ್ರವಾರ ನಮ್ಮ ವರಾಂಡದಲ್ಲಿ ತಟ್ಟೆ ಹಿಡಿದು ನಿಂತು ನಾನೇ ಅದನ್ನು ಮಾಡಿದೆ.

ಅದಾದ ಮೇಲೆ ಶುರುವಾಯಿತು ಪ್ರವಾಸ ಕಥನ. ಫಾರ್ಮುಲಾ ರೋಸಾ ಅಂತ ಒಂದು ಕೋಸ್ಟರ್ ಇದೆಯಂತೆ, ಗಂಟೆಗೆ 240 ಕಿಲೋಮೀಟರ್ ವೇಗ, ಹೊರಟ ಐದೇ ಸೆಕೆಂಡಿನಲ್ಲಿ ಅಷ್ಟು ಸ್ಪೀಡ್ ಮುಟ್ಟುತ್ತದಂತೆ. ಕಣ್ಣಿಗೆ ಕನ್ನಡಕ ಕೊಡುತ್ತಾರಂತೆ. ಭಾವ ಹತ್ತಿದರಂತೆ, ಅಕ್ಕ ಕೆಳಗೆ ಬ್ಯಾಗು ಹಿಡಿದು ನಿಂತಿದ್ದಳಂತೆ. ಇದೆಲ್ಲ ಚೆನ್ನಾಗಿತ್ತು. ಕೇಳೋಕೆ ಖುಷಿಯಾಯಿತು, ನಿಜವಾಗಿಯೂ. ಆದರೆ ಆಮೇಲೆ ಬಂತು ನೋಡಿ ಅಸಲು ಮಾತು.

"ಅಲ್ಲಿನ ಡಿಸಿಪ್ಲಿನ್ ನೋಡ್ಬೇಕು ನೀನು! ಲೈನಲ್ಲಿ ನಿಲ್ಲೋಕೆ ನೆಲದ ಮೇಲೆ ಸ್ಟಿಕ್ಕರ್ ಅಂಟಿಸಿದ್ದಾರೆ. ಒಬ್ಬನೂ ಅದನ್ನ ದಾಟಲ್ಲ. ಮೊಬೈಲಲ್ಲಿ ಕೋವಿಡ್ ಆ್ಯಪ್ ಹಸಿರು ತೋರಿಸಿದ್ರೇನೇ ಒಳಗೆ ಬಿಡೋದು. ಮಾಸ್ಕ್ ಇಳಿಸಿದ್ರೆ ಮೂರು ಸಾವಿರ ದಿರ್ಹಮ್ ಫೈನು. ನಮ್ಮ ದುಡ್ಡಲ್ಲಿ ಅರವತ್ತು ಸಾವಿರ! ನಮ್ಮ ಜನಕ್ಕೆ ಬರಲ್ಲ ಬಿಡು, ಈ ಜನ್ಮಕ್ಕೆ ಬರಲ್ಲ."

ಇದನ್ನು ಹೇಳುವಾಗ ಅವರ ಮಾಸ್ಕು ಎಲ್ಲಿತ್ತು? ಗದ್ದದ ಕೆಳಗೆ. ಎಷ್ಟನೇ ದಿನ? ಮೂರನೇ ದಿನ. ಯಾರ ಮಂಚದ ಮೇಲೆ ಕೂತಿದ್ದರು? ಹೇಳುವುದಿಲ್ಲ, ಬಿಪಿ ಏರುತ್ತದೆ.

ನನ್ನ ಸಿಟ್ಟು ದುಬೈ ಮೇಲಲ್ಲ. ಹೋಗಲಿ ಸ್ವಾಮಿ, ದುಡ್ಡಿದೆ, ಎರಡು ವರ್ಷ ಮಕ್ಕಳು ಲ್ಯಾಪ್‌ಟಾಪ್ ಮುಂದೆ ಕೂತು ಕೂತು ಬತ್ತಿ ಹೋಗಿದ್ದಾವೆ. ನನಗೆ ಉರಿಯುತ್ತಿರುವುದು ಬೇರೆ. ಯಾವುದೋ ದೇಶದಲ್ಲಿ, ಆಟದ ಗಾಡಿ ಹತ್ತೋಕೆ, ಹಳದಿ ಸ್ಟಿಕ್ಕರ್ ಮೇಲೆ ಕಾಲು ಜೋಡಿಸಿ ಗಂಟೆಗಟ್ಟಲೆ ನಿಂತ ಮನುಷ್ಯ. ತನ್ನ ಮನೆಯಲ್ಲಿ, ತನ್ನ ಅತ್ತೆಗೋಸ್ಕರ, ಏಳು ದಿನ ಕೂರಲಾರದೇ ಹೋದರು. ಇಲ್ಲಿ ಹಳ್ಳಿಯ ಕಡೆ ಮಾಸ್ಕಿಗೆ ಫೈನು 100 ರೂಪಾಯಿ. ಅದೂ ಹಿಡಿದರೆ. ನಮ್ಮಮ್ಮನ ಉಸಿರಿನ ರೇಟು ಅಷ್ಟೇ ಅಂತ ಆಯಿತು.

ಹಳೆಯ ಸ್ನೇಹಿತರಿಗೆ ಗೊತ್ತು, ಕಳೆದ ಮೇ ತಿಂಗಳು ನಮಗೆಲ್ಲ ಕೋವಿಡ್ ಡ್ಯೂಟಿ ಹಾಕಿದ್ದರು. ಐಸೊಲೇಷನ್‌ನಲ್ಲಿ ಇರುವವರ ಲಿಸ್ಟು ಹಿಡಿದು ದಿನಾ ಫೋನ್ ಮಾಡಬೇಕು. "ಮನೇಲೇ ಇದ್ದೀರಾ?" "ಮನೇಲೇ ಇದ್ದೀನಿ ಮೇಡಂ." ಹಿಂದೆ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವುದು ಜೋರಾಗಿ ಕೇಳಿಸುತ್ತಿತ್ತು. ಒಬ್ಬನಿಗೆ ಚೆನ್ನಾಗಿ ಬೈದೆ. ಅವನು ಎಲ್ಲ ಕೇಳಿಸಿಕೊಂಡು, "ಹಣ್ಣು ಕಿತ್ತಾಗಿದೆ ಮೇಡಂ, ಇವತ್ತು ಹಾಕ್ಲಿಲ್ಲ ಅಂದ್ರೆ ತಿಪ್ಪೆಗೇ" ಅಂದ. ನನಗೆ ಬಾಯಿ ಕಟ್ಟಿಹೋಯಿತು. ತಪ್ಪು ತಪ್ಪೇ, ಆದರೆ ಅವನಿಗೆ ಹಣ್ಣು ಕೊಳೆಯುತ್ತಿತ್ತು. ಭಾವನಿಗೆ ಏನು ಕೊಳೆಯುತ್ತಿತ್ತು?

ಅದೇ ತಿಂಗಳು ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಭಾವ ಒಂದು ಫೋಟೊ ಹಾಕಿದ್ದರು. ಯಾವುದೋ ಊರಿನ ಜಾತ್ರೆ, ಜನ ಕಿಕ್ಕಿರಿದಿದ್ದಾರೆ. ಕೆಳಗೆ, "ಇಂಥ ಬುದ್ಧಿ ಇಲ್ಲದ ಜನರಿಂದಾನೇ ದೇಶ ಹಾಳಾಗ್ತಿರೋದು." ನಾನೂ ಹೌದು ಅಂತ ಹೆಬ್ಬೆಟ್ಟು ಒತ್ತಿದ್ದೆ. ಚಿಕ್ಕಪ್ಪನಿಗೆ ಬೆಡ್ ಹುಡುಕುತ್ತಿದ್ದ ವಾರ ಅದು. ಸಿಗಲಿಲ್ಲ, ಆ ಕಥೆ ಈಗ ಬೇಡ.

ಜಾತ್ರೆ ಅಂದಾಗ ಇನ್ನೊಂದು ನೆನಪಾಯಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಜಾತ್ರೆಗೆ ಅಂತ ಬಂದಿದ್ದ ಜೈಂಟ್ ವೀಲ್‌ನವರ ಒಂದು ಕುಟುಂಬ ನಮ್ಮ ಊರಾಚೆ ಮೈದಾನದಲ್ಲಿ ಸಿಕ್ಕಿಹಾಕಿಕೊಂಡಿತು. ಅರ್ಧ ಜೋಡಿಸಿದ ತೊಟ್ಟಿಲುಗಳು, ಬಿಚ್ಚಿ ಮಲಗಿಸಿದ ಕೊಲಂಬಸ್ ದೋಣಿ, ಒಂದು ಟಾರ್ಪಾಲು, ಅದರ ಕೆಳಗೆ ಏಳು ಜನ. ನಾವು ನಾಲ್ಕು ಮನೆಯವರು ಸೇರಿ ರಾಗಿ, ಅಕ್ಕಿ, ಬೇಳೆ ಕೊಟ್ಟು ಬರುತ್ತಿದ್ದೆವು. ಅವರು ಎಲ್ಲಿಗೂ ಹೋಗಲಿಲ್ಲ. ಎರಡು ತಿಂಗಳು. ಬಿಸಿಲಲ್ಲಿ. ಟಾರ್ಪಾಲಿನ ಕೆಳಗೆ. ಅವರೇನೂ ಡಿಸಿಪ್ಲಿನ್ ಅಂತ ಇರಲಿಲ್ಲ, ಹೋಗೋಕೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಆದರೂ ಎರಡು ತಿಂಗಳು ಮತ್ತು ಏಳು ದಿನ. ಲೆಕ್ಕ ನೀವೇ ಹಾಕಿ.

ಈಗ ಕಾಮೆಂಟಿನಲ್ಲಿ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಒಮಿಕ್ರಾನ್ ಅನ್ನೋ ಈ ಹೊಸ ಕೊರೊನಾ ತಳಿ ಬರೀ ನೆಗಡಿಯಂತೆ, ಬಂದು ಹೋಗುತ್ತದಂತೆ, ಎಷ್ಟು ದಿನ ಅಂತ ಹೆದರಿಕೊಂಡು ಕೂರೋದು ಅಂತ. ಸರಿ. ನಿಮಗೆ ನೆಗಡಿ. ನಮ್ಮಮ್ಮನಿಗೆ ಮಾಮೂಲಿ ನೆಗಡಿ ಬಂದರೇ ರಾತ್ರಿಯೆಲ್ಲ ಕೂತೇ ನಿದ್ದೆ ಮಾಡುತ್ತಾಳೆ. ಭಾವನದೂ ಒಂದು ವಾದ ಇದೆ. ಡಿಸೆಂಬರ್ 2ಕ್ಕೆ ದೇಶದ ಮೊದಲ ಎರಡು ಒಮಿಕ್ರಾನ್ ಕೇಸು ನಮ್ಮ ರಾಜ್ಯದಲ್ಲೇ ಸಿಕ್ಕಿತಲ್ಲ, ಅದರಲ್ಲಿ ಒಬ್ಬರು ಬೆಂಗಳೂರಿನ ಡಾಕ್ಟರು, ಯಾವ ವಿದೇಶಕ್ಕೂ ಹೋಗಿರಲಿಲ್ಲ. "ಹೋಗದೇ ಇದ್ದೋರಿಗೂ ಬರುತ್ತೆ, ಮತ್ತೆ ಹೋದೋರನ್ನ ಯಾಕೆ ಕೂಡಿಹಾಕೋದು?" ಅಂದರು. ಭಾವ, ಹೋಗದೇ ಇದ್ದವರಿಗೆ ಅದು ಗಾಳಿಯಲ್ಲಿ ಹುಟ್ಟಿ ಬಂತಾ? ಯಾರೋ ಒಬ್ಬರು ತಂದು ಕೊಟ್ಟಿದ್ದಕ್ಕೇ ಬಂದಿದ್ದು. ಆ ಯಾರೋ ಒಬ್ಬರ ಕೈಯಲ್ಲೂ ಒಂದು ನೆಗೆಟಿವ್ ರಿಪೋರ್ಟ್ ಇದ್ದಿರಬಹುದು.

ಹಾಗಂತ ಶಾಂಘೈ ಥರ ಮಾಡಿ ಅಂತ ನಾನು ಹೇಳುತ್ತಿಲ್ಲ. ಕಳೆದ ಅಕ್ಟೋಬರ್ 31ಕ್ಕೆ ಅಲ್ಲಿನ ಡಿಸ್ನಿಲ್ಯಾಂಡ್‌ಗೆ ಬಂದು ಹೋದ ಒಬ್ಬರಿಗೆ ಪಾಸಿಟಿವ್ ಅಂತ ಗೇಟು ಮುಚ್ಚಿ, ಒಳಗಿದ್ದ ಸುಮಾರು 34 ಸಾವಿರ ಜನರಿಗೂ ಸ್ವಾಬ್ ತೆಗೆದೇ ಮನೆಗೆ ಬಿಟ್ಟರು. ಮೇಲೆ ಪಟಾಕಿ ಹಾರುತ್ತಿದೆ, ಕೆಳಗೆ ಬಿಳಿ ಸೂಟಿನವರು ಮೂಗಿಗೆ ಕಡ್ಡಿ ಹಾಕುತ್ತಿದ್ದಾರೆ. ಅದು ಅತಿ. ನಮ್ಮಲ್ಲೂ 2020ರಲ್ಲಿ ಕ್ವಾರಂಟೈನ್‌ನಲ್ಲಿ ಇರುವವರು ಗಂಟೆಗೊಂದು ಸೆಲ್ಫಿ ಕಳಿಸಿ ಅಂದಿದ್ದರು, ಅದೂ ಅತಿಯೇ. ಈಗ ಸೆಲ್ಫಿ ಕೇಳುವವರಿಲ್ಲ, ಕೈ ಮೇಲೆ ಸೀಲು ಇಲ್ಲ. ನಿಮ್ಮ ಪಾಡಿಗೆ ನೀವು ಇರಿ ಅಂತ ನಂಬಿ ಬಿಟ್ಟಿದ್ದಾರೆ. ನಂಬಿದ್ದೇ ತಪ್ಪಾಯಿತು ಅಲ್ವಾ.

ಹೊಟ್ಟೆಕಿಚ್ಚು ಅಂತೀರಾ? ಇದೆ. 2020ರ ಏಪ್ರಿಲ್‌ಗೆ ನಾವೂ ಸಿಂಗಪುರಕ್ಕೆ ಹೊರಟಿದ್ದೆವು. ಎರಡು ವರ್ಷ ಚೀಟಿ ಹಾಕಿ ಕೂಡಿಸಿದ ದುಡ್ಡು. ಇಲಾಖೆಯಿಂದ ಅನುಮತಿ ತಗೊಳ್ಳೋಕೆ ಬಿಇಓ ಆಫೀಸಿಗೆ ತಿರುಗಿದ್ದು ಎಷ್ಟು ಸಲವೋ. ಯೂನಿವರ್ಸಲ್ ಸ್ಟುಡಿಯೋಸ್ ಟಿಕೆಟನ್ನೂ ನನ್ನ ಮಗಳು ಪ್ರಿಂಟ್ ತೆಗೆದು ಬೀರುವಿಗೆ ಅಂಟಿಸಿದ್ದಳು. ಮಾರ್ಚ್ 23ಕ್ಕೆ ವಿದೇಶದ ವಿಮಾನ ನಿಂತಿತು. ಮಾಮೂಲಿ ವಿಮಾನ ಇವತ್ತಿಗೂ ಶುರುವಾಗಿಲ್ಲ. ಭಾವ ಹೋಗಿ ಬಂದಿದ್ದು ಏರ್ ಬಬಲ್ ಅಂತ ಎರಡು ದೇಶಗಳು ಮಾಡಿಕೊಂಡ ವಿಶೇಷ ಒಪ್ಪಂದದ ವಿಮಾನದಲ್ಲಿ. ನನ್ನ ಪಾಸ್‌ಪೋರ್ಟಿನಲ್ಲಿ ಇನ್ನೂ ಒಂದು ಸೀಲೂ ಬಿದ್ದಿಲ್ಲ. ಏಜೆಂಟ್ ಹತ್ತಿರ ಇರುವ ದುಡ್ಡಿನ ಬಗ್ಗೆ ಕೇಳಬೇಡಿ.

ಇನ್ನೊಂದು ಹೇಳಿಬಿಡಬೇಕು, ಇಲ್ಲದಿದ್ದರೆ ನಾನೇನೋ ಸತ್ಯ ಹರಿಶ್ಚಂದ್ರನ ಮೊಮ್ಮಗಳು ಅಂದುಕೊಳ್ಳುತ್ತೀರಿ. ಕಳೆದ ಜುಲೈನಲ್ಲಿ, ಚಿಕ್ಕಪ್ಪ ಹೋಗಿ ಎರಡು ತಿಂಗಳೂ ಆಗಿರಲಿಲ್ಲ, ಒಂದು ಶನಿವಾರ ಮಕ್ಕಳನ್ನು ಕರೆದುಕೊಂಡು ನಂದಿ ಬೆಟ್ಟಕ್ಕೆ ಹೊರಟೆ. ವೀಕೆಂಡ್ ಬಂದ್ ಮಾಡಿದ್ದಾರೆ ಅಂತ ಗೊತ್ತಿತ್ತು. ಹೇಗಾದರೂ ಬಿಡುತ್ತಾರೆ ಅನ್ನೋ ಧೈರ್ಯ. ಚೆಕ್‌ಪೋಸ್ಟಿನಲ್ಲಿ ಪೊಲೀಸಿನವರಿಗೆ, "ನಾವು ಲೋಕಲ್ಲೇ ಸಾರ್, ಟೀಚರ್ರು, ಕೋವಿಡ್ ಡ್ಯೂಟಿ ಮಾಡಿದ್ದೀನಿ" ಅಂತ ಐಡಿ ಕಾರ್ಡ್ ಬೇರೆ ತೋರಿಸಿದೆ. ಥೇಟ್ ಭಾವನ ರಿಪೋರ್ಟಿನ ಥರ. ಆ ಮನುಷ್ಯ ಕೂಲಾಗಿ, "ಸೋಮವಾರ ಬನ್ನಿ ಮೇಡಂ, ಬೆಟ್ಟ ಎಲ್ಲೂ ಓಡಿಹೋಗಲ್ಲ" ಅಂದ. ಗೊಣಗಿಕೊಂಡು ವಾಪಸ್ ಬಂದೆ. ಆಗಸ್ಟ್ ಕೊನೆಯಲ್ಲಿ ಗುಡ್ಡ ಕುಸಿದು ಬೆಟ್ಟದ ರಸ್ತೆಯೇ ಕಿತ್ತುಹೋಯಿತು, ಡಿಸೆಂಬರ್‌ವರೆಗೂ ಬಂದ್. ಓಡಿಹೋಗಲ್ಲ ಅಂದಿದ್ದ ಬೆಟ್ಟ ಅಷ್ಟು ದೂರ ಓಡಿತು.

ಆದರೆ ನನ್ನನ್ನು ಯಾರೋ ಒಬ್ಬರು ತಡೆದರು. ಶುಕ್ರವಾರ ನಾನು ತಡೆಯಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ, "ಭಾವ, ಬುಧವಾರ ಕಳೆದ ಮೇಲೆ ಬನ್ನಿ, ಎಳ್ಳು ಬೆಲ್ಲ ಎತ್ತಿಟ್ಟಿರ್ತೀನಿ" ಅನ್ನಬಹುದಿತ್ತು. ಆ ಪೊಲೀಸಿನವರಿಗಿದ್ದ ಬಾಯಿ ನನಗೆ ಬರಲಿಲ್ಲ. ಹಬ್ಬದ ದಿನ, ಅಕ್ಕ ಬೇಜಾರು ಮಾಡಿಕೊಳ್ಳುತ್ತಾಳೆ, ಅಮ್ಮ ಮೊಮ್ಮಕ್ಕಳನ್ನು ನೋಡಿ ಎಷ್ಟು ದಿನ ಆಯಿತು, ಹೀಗೆ ನೂರು. ಕಿಟಕಿಗಳನ್ನೆಲ್ಲ ತೆಗೆದೆ. ಅಷ್ಟೇ ಆಗಿದ್ದು ನನ್ನ ಕೈಲಿ.

ಅವರು ಹೋದ ಮೇಲೆ ಅಮ್ಮನಿಗೆ ಬೈದೆ. ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದಕ್ಕೆ, ಮಾಸ್ಕ್ ಹಾಕದೇ ಇದ್ದಿದ್ದಕ್ಕೆ. ಅವಳು ತೆಲುಗಿನಲ್ಲಿ ಏನೋ ಗೊಣಗಿದಳು, ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅದು 240 ಅಂದ್ರೆ ನಮ್ಮ ಬೆಂಗಳೂರು ಬಸ್ಸಿಗಿಂತ ಎಷ್ಟು ಜಾಸ್ತೀನೇ?" ಅಂತ ಕೇಳಿದಳು.

ಬುಧವಾರಕ್ಕೆ ಅವರ ಏಳು ದಿನ ಮುಗಿಯುತ್ತದೆ. ನಮ್ಮದು ಶುಕ್ರವಾರದಿಂದ ಶುರುವಾಗಿದೆ. ದಿನಕ್ಕೆ ಮೂರು ಸಲ ಅಮ್ಮನ ಬೆರಳಿಗೆ ಆಕ್ಸಿಮೀಟರ್ ಹಾಕುತ್ತಿದ್ದೇನೆ. ಈಗ ತಾನೇ ನೋಡಿದೆ, 96. ಖರ್ಜೂರದ ಪ್ಯಾಕೆಟ್ಟನ್ನು ಅವಳಿಗೆ ಸಿಗದ ಹಾಗೆ ಫ್ರಿಜ್ ಮೇಲೆ ಇಟ್ಟಿದ್ದೆ. ಸ್ಟೂಲು ಹಾಕಿಕೊಂಡು ತೆಗೆದು ಆಗಲೇ ಮೂರು ತಿಂದಿದ್ದಾಳೆ.