ಸಿಗದ ಬೆಳ್ಳಿಯ ಸಿಟ್ಟು

ಕೂಡಿಟ್ಟ ಬೆಳ್ಳಿಯನ್ನು ಏನು ಮಾಡುವುದೆಂದು ತಿಳಿಯದೆ ಒಂದು ಸರ್ಕಾರ ತಲೆ ಕೆರೆದುಕೊಂಡಿತ್ತು ಎಂದರೆ ಇವತ್ತಿನ ಬೆಲೆ ನೋಡಿದವರು ನಂಬುವುದು ಕಷ್ಟ. ಅಮೆರಿಕದ ಸಿಲ್ವರ್ ಈಗಲ್ ನಾಣ್ಯ ಹುಟ್ಟಿದ್ದು ಹಾಗೆಯೇ. ಆಪತ್ಕಾಲಕ್ಕೆಂದು ಆ ದೇಶ ಉಗ್ರಾಣದಲ್ಲಿ ಇಟ್ಟಿದ್ದ ಬೆಳ್ಳಿ ಬೇಡವೆನಿಸಿತು. ಮಾರಿಬಿಡೋಣವೆಂದರೆ ಗಣಿಗಳ ನಾಡಾದ ಐಡಾಹೋದ ಸೆನೆಟರ್ ಜೇಮ್ಸ್ ಮೆಕ್ಲೂರ್ ಅಡ್ಡ ನಿಂತರು. ಅಷ್ಟು ಬೆಳ್ಳಿಯನ್ನು ಒಮ್ಮೆಗೇ ಸುರಿದರೆ ಬೆಲೆ ಕುಸಿದು ತಮ್ಮ ಗಣಿಗಾರರು ಬೀದಿಗೆ ಬೀಳುತ್ತಾರೆ ಎಂಬುದು ಅವರ ವಾದ. ಕೊನೆಗೆ ನಾಣ್ಯ ಮಾಡಿ ಚೂರುಚೂರಾಗಿ ಮಾರುವ ದಾರಿ ಎಲ್ಲರಿಗೂ ಒಪ್ಪಿಗೆಯಾಯಿತು. 1985ರಲ್ಲಿ ಕಾನೂನು ಬಂತು, ಮರುವರ್ಷ ನಾಣ್ಯವೂ ಬಂತು. ಹೀಗೆ ಕೈತೊಳೆದುಕೊಳ್ಳಲೆಂದು ಅಚ್ಚು ಹಾಕಿದ ಸರಕು ಮುಂದೆ ಕೈಗೆ ಸಿಗುವುದಿಲ್ಲವೆಂದು ಜನ ಹಲ್ಲು ಕಡಿಯುತ್ತಾರೆ ಎಂದು ಆ ಸೆನೆಟರಿಗೆ ಕನಸೂ ಬಿದ್ದಿರಲಾರದು.

ಹಲ್ಲು ಕಡಿಯುವವರಲ್ಲಿ ನನ್ನ ಚಿಕ್ಕಪ್ಪನ ಮಗನೂ ಒಬ್ಬ. ಡಲ್ಲಾಸ್ ಸಮೀಪದ ಊರೊಂದರಲ್ಲಿ ಸಾಫ್ಟ್‌ವೇರ್ ಬರೆಯುತ್ತಾನೆ, ಉಳಿದ ಹೊತ್ತಿನಲ್ಲಿ ಬೆಳ್ಳಿ ನಾಣ್ಯ ಕೂಡಿಡುತ್ತಾನೆ. ಬೇರೆಯವರ ಮನೆಯ ಹುಡುಗರು ಫೋನು ಮಾಡಿದರೆ ಹಿಮದ ಬಗ್ಗೆ, ವೀಸಾದ ಬಗ್ಗೆ ಮಾತನಾಡುತ್ತಾರೆ. ಇವನು ಮಾತನಾಡುವುದು ಬೆಳ್ಳಿಯ ಬಗ್ಗೆ, ಅದೂ ಸಿಕ್ಕ ಬೆಳ್ಳಿಗಿಂತ ಸಿಗದ ಬೆಳ್ಳಿಯ ಬಗ್ಗೆ ಹೆಚ್ಚು. "ಅಣ್ಣಾ, ಮತ್ತೆ ಮುಗಿದುಹೋಯಿತು" ಎಂದು ಅವನು ಶುರು ಮಾಡಿದರೆ ನಾನು ಕುರ್ಚಿ ಎಳೆದುಕೊಂಡು ಕುಳಿತುಕೊಳ್ಳುತ್ತೇನೆ.

ನಾಣ್ಯ ನೋಡಲು ಚಂದವೇ. ಒಂದು ಬದಿಯಲ್ಲಿ ಉದಯಿಸುವ ಸೂರ್ಯನ ಕಡೆಗೆ ನಡೆಯುತ್ತಿರುವ ಸ್ವಾತಂತ್ರ್ಯದೇವಿ. ಅಡಾಲ್ಫ್ ವೈನ್‌ಮನ್ ಎಂಬ ಶಿಲ್ಪಿ 1916ರ ಅರ್ಧ ಡಾಲರಿಗೆಂದು ಮಾಡಿದ ಚಿತ್ರ ಅದು. ಇನ್ನೊಂದು ಬದಿಯಲ್ಲಿ ಹದ್ದು. ತೂಕ ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ. ನಮ್ಮ ಹಳೆಯ ಲೆಕ್ಕದಲ್ಲಿ ಎರಡೂ ಮುಕ್ಕಾಲು ತೊಲಕ್ಕೆ ಒಂದು ಗ್ರಾಂನಷ್ಟು ಕಡಿಮೆ. ಮೇಲೆ 'ಒಂದು ಡಾಲರ್' ಎಂದು ಬರೆದಿದೆ. ಕಾನೂನಿನ ಪ್ರಕಾರ ಅದನ್ನು ಕೊಟ್ಟು ಅಂಗಡಿಯಲ್ಲಿ ಒಂದು ಡಾಲರಿನ ಬಿಸ್ಕತ್ತು ಕೊಳ್ಳಬಹುದು. ಹಾಗೆ ಕೊಂಡವನು ಇದ್ದರೆ ಅವನನ್ನೇ ಸಂಗ್ರಹಾಲಯದಲ್ಲಿ ಇಡಬೇಕು.

ಸಂಗ್ರಹಕಾರರ ಮೊದಲ ದೂರು ಏನೆಂದರೆ, ಈ ನಾಣ್ಯ ಮಾಡುವ ಟಂಕಸಾಲೆ ಅದನ್ನು ನೇರವಾಗಿ ಅವರಿಗೆ ಮಾರುವುದಿಲ್ಲ. ಹೂಡಿಕೆಗೆಂದು ಮಾಡಿದ ಸಾಮಾನ್ಯ ಬುಲಿಯನ್ ನಾಣ್ಯ ಬೆರಳೆಣಿಕೆಯ ಸಗಟು ವ್ಯಾಪಾರಿಗಳಿಗೆ ಮಾತ್ರ ಹೋಗುತ್ತದೆ. ಅವರು ಒಂದು ಸಲಕ್ಕೆ ಕನಿಷ್ಠ 25,000 ನಾಣ್ಯ ಎತ್ತಬೇಕು. ಅಲ್ಲಿಂದ 500 ನಾಣ್ಯಗಳ ಹಸಿರು ಪೆಟ್ಟಿಗೆಗಳಾಗಿ, ಪೆಟ್ಟಿಗೆಯೊಳಗಿನ 20ರ ಕೊಳವೆಗಳಾಗಿ ಇಳಿಯುತ್ತ, ಪ್ರತಿ ಮೆಟ್ಟಿಲಿನಲ್ಲೂ ಅಷ್ಟಿಷ್ಟು ಲಾಭ ಹತ್ತಿಸಿಕೊಳ್ಳುತ್ತ ಕೊನೆಗೆ ನನ್ನ ತಮ್ಮನಂಥವರ ಹತ್ತಿರ ಬರುತ್ತದೆ. 2022ರಲ್ಲಿ ಬೆಳ್ಳಿ ಔನ್ಸಿಗೆ 20 ಡಾಲರಿನ ಆಸುಪಾಸಿನಲ್ಲಿದ್ದಾಗ ಈ ನಾಣ್ಯಕ್ಕೆ ಅದರ ಮೇಲೆ ಇನ್ನೂ ಹತ್ತಕ್ಕಿಂತ ಹೆಚ್ಚು ಡಾಲರ್ ತೆರಬೇಕಾಗಿತ್ತು. "ಬೆಳ್ಳಿಯ ಬೆಲೆ ಬಿದ್ದರೆ ಬೆಳ್ಳಿಯೇ ಸಿಗುವುದಿಲ್ಲ, ಬೆಳ್ಳಿ ಸಿಕ್ಕರೆ ಬಿದ್ದ ಬೆಲೆಗೆ ಸಿಗುವುದಿಲ್ಲ" ಎಂದು ತಮ್ಮ ಹೇಳಿದಾಗ ಇದು ಅರ್ಥಶಾಸ್ತ್ರವೋ ವೇದಾಂತವೋ ಎಂದು ನನಗೆ ಗೊಂದಲವಾಯಿತು.

ಎರಡನೆಯ ದೂರು ವಿಚಿತ್ರವಾದದ್ದು. 2015ರಲ್ಲಿ ಆ ಟಂಕಸಾಲೆ ಮಾರಿದ ಬುಲಿಯನ್ ಈಗಲ್‌ಗಳ ಸಂಖ್ಯೆ 4 ಕೋಟಿ 70 ಲಕ್ಷ. ಅದಕ್ಕಿಂತ ಹೆಚ್ಚು ಯಾವ ವರ್ಷವೂ ಮಾರಿರಲಿಲ್ಲ. ಅದೇ ವರ್ಷದ ಜುಲೈನಲ್ಲಿ ದಾಸ್ತಾನು ಮುಗಿದು ಮಾರಾಟ ನಿಂತಿತು, ಆಮೇಲೆ ವಾರಕ್ಕಿಷ್ಟೆಂದು ಪಡಿತರದ ಹಾಗೆ ಹಂಚಿದರು. ಹೆಚ್ಚುಕಡಿಮೆ ನಾಲ್ಕೂ ಮುಕ್ಕಾಲು ಕೋಟಿ ಬೆಳ್ಳಿ ಬಿಲ್ಲೆಗಳಿಗೆ ಅಚ್ಚು ಒತ್ತಿ ಹೊರಗೆ ಕಳುಹಿಸಿದ ಮೇಲೂ ಜನ 'ಅಭಾವ, ಅಭಾವ' ಎಂದು ಕೂಗಿದರೆ ಆ ಯಂತ್ರದ ಮುಂದೆ ನಿಂತ ಕೆಲಸಗಾರನಿಗೆ ಹೇಗನ್ನಿಸಿರಬೇಕು!

ಈಗ ತಮ್ಮನ ಆಲ್ಬಮ್ಮಿಗೆ ಬರೋಣ. ವರ್ಷಕ್ಕೊಂದರಂತೆ ದುಂಡನೆಯ ಕುಳಿಗಳಿರುವ ದಪ್ಪ ರಟ್ಟಿನ ಪುಸ್ತಕ ಅದು. ಅವನು ಕೂಡಿಸುವುದು 'ಪ್ರೂಫ್' ಎಂಬ ಮೇಲ್ದರ್ಜೆಯ ನಾಣ್ಯಗಳನ್ನು. ಇವನ್ನು ಟಂಕಸಾಲೆ ಸಂಗ್ರಹಕಾರರಿಗೆಂದು ಕನ್ನಡಿಯಂತೆ ಹೊಳೆಯಿಸಿ ನೇರವಾಗಿ ಮಾರುತ್ತದೆ. ರಜೆಯಲ್ಲಿ ಮೈಸೂರಿಗೆ ಬಂದಾಗ ಆ ಆಲ್ಬಮ್ಮಿನ ಫೋಟೋಗಳನ್ನು ಮಕ್ಕಳ ಫೋಟೋಗಳಿಗಿಂತ ಮೊದಲು ತೋರಿಸಿದ. ಅದರಲ್ಲಿ ಎರಡು ಖಾಲಿ ಜಾಗಗಳಿದ್ದವು.

ಒಂದು 2009ರದು. 2008ರ ಆರ್ಥಿಕ ಕುಸಿತದ ಹೊತ್ತಿಗೆ ಜನ ಬ್ಯಾಂಕನ್ನು ನಂಬದೆ ಬೆಳ್ಳಿಗೆ ಮುಗಿಬಿದ್ದರು. ಬುಲಿಯನ್ ನಾಣ್ಯವನ್ನು ಸಾರ್ವಜನಿಕರ ಬೇಡಿಕೆ ಪೂರೈಸುವಷ್ಟು ಮಾಡಲೇಬೇಕು ಎಂದು ಕಾನೂನಿನಲ್ಲಿತ್ತು. ಪ್ರೂಫ್ ಬಗ್ಗೆ ಅಂಥ ಕಟ್ಟಳೆ ಇರಲಿಲ್ಲ. ಆದ್ದರಿಂದ ಸಿಕ್ಕ ಬಿಲ್ಲೆಗಳೆಲ್ಲ ಬುಲಿಯನ್ನಿಗೆ ಹೋದವು, ಆ ವರ್ಷ ಪ್ರೂಫ್ ಸಿಲ್ವರ್ ಈಗಲ್ ಆಗಲೇ ಇಲ್ಲ.

ಇನ್ನೊಂದು 1995ರದು. ಅದಕ್ಕೆ ವೆಸ್ಟ್ ಪಾಯಿಂಟ್ ಟಂಕಸಾಲೆಯ 'ಡಬ್ಲ್ಯೂ' ಅಕ್ಷರದ ಗುರುತಿದೆ. ಈಗಲ್ ನಾಣ್ಯಗಳಿಗೆ ಹತ್ತು ವರ್ಷ ತುಂಬಿತೆಂದು ಅದನ್ನು ಹೊರತಂದರು. ಆದರೆ ಬಿಡಿಯಾಗಿ ಕೊಡಲಿಲ್ಲ. ನಾಲ್ಕು ಚಿನ್ನದ ನಾಣ್ಯಗಳಿರುವ 999 ಡಾಲರಿನ ಪೆಟ್ಟಿಗೆ ಕೊಂಡವರಿಗೆ ಮಾತ್ರ ಜೊತೆಗೆ ಈ ಬೆಳ್ಳಿಯದು. ಬೆಳ್ಳಿ ಮಾತ್ರ ಕೂಡಿಸುತ್ತಿದ್ದವರು ಕೆಂಡವಾದರು. ಒಟ್ಟು ಆದದ್ದು 30,125 ನಾಣ್ಯ. ಇವತ್ತು ಒಂದು ಬೇಕೆಂದರೆ ಸಾವಿರಗಳ ಲೆಕ್ಕದಲ್ಲಿ ಡಾಲರ್ ಎಣಿಸಬೇಕು.

ಈ ಎರಡು ಕುಳಿಗಳನ್ನು ನನ್ನ ತಮ್ಮ ಒಂದೇ ಕಣ್ಣಿನಿಂದ ನೋಡುವುದಿಲ್ಲ. 2009ರ ಮೇಲೆ ಬೆರಳಿಟ್ಟಾಗ ಅವನ ಮುಖ ಶಾಂತವಾಗಿತ್ತು. "ಇದನ್ನು ಮಾಡಲೇ ಇಲ್ಲ ಅಣ್ಣಾ, ಯಾರ ಹತ್ತಿರವೂ ಇಲ್ಲ" ಎಂದ. 1995ಕ್ಕೆ ಬಂದಾಗ ಧ್ವನಿ ಏರಿತು. ಆಗ ಅವನು ಮೈಸೂರಿನಲ್ಲಿ ಪಿಯುಸಿ ಓದುತ್ತಿದ್ದ. 999 ಡಾಲರ್ ಇರಲಿ, ಒಂದು ಡಾಲರಿನ ನೋಟನ್ನೂ ಮುಟ್ಟಿರಲಿಲ್ಲ, ಅಂಥ ನಾಣ್ಯವಿದೆ ಎಂಬುದೂ ಗೊತ್ತಿರಲಿಲ್ಲ. ಆದರೂ ಅದು ತನಗೆ ತಪ್ಪಿಹೋಯಿತೆಂದು, ಯಾರೋ ತನ್ನ ಕೈಯಿಂದಲೇ ಕಿತ್ತುಕೊಂಡರೆಂಬಂತೆ ಸಂಕಟಪಡುತ್ತಾನೆ. ಯಾರಿಗೂ ಇಲ್ಲದ್ದು ತನಗಿಲ್ಲದಿದ್ದರೆ ನೋವಿಲ್ಲ, 30,125 ಜನರಿಗೆ ಇರುವುದು ತನಗಿಲ್ಲದಿದ್ದರೆ ನಿದ್ದೆಯಿಲ್ಲ.

ಹಾಗಾದರೆ ಇಂಥವರಿಗೆ ಬೇಕಾದದ್ದು ಏನು? ಬೇಕಾದಷ್ಟು ನಾಣ್ಯ ಮಾಡಿ ಎಲ್ಲರಿಗೂ ಹಂಚಿದರೆ ಸುಖವೇ? ಒಮ್ಮೆ ಕೇಳಿ ನೋಡಿದೆ. ಅವನು ಬೆಚ್ಚಿಬಿದ್ದ. "ಎಲ್ಲರಿಗೂ ಸಿಕ್ಕರೆ ಅದನ್ನು ಇಟ್ಟುಕೊಂಡು ಏನು ಮಾಡುವುದು?" ಮದುವೆ ಮನೆಯ ಪಂಕ್ತಿಯಲ್ಲಿ ಒಬ್ಬಟ್ಟು ತನ್ನ ಎಲೆಗೆ ಬಿದ್ದ ಮರುಕ್ಷಣ ಮುಗಿದುಹೋದರೆ ಅದರ ರುಚಿಯೇ ಬೇರೆ, ತನ್ನ ಎಲೆಗೆ ಒಂದು ಎಲೆ ಮೊದಲು ಮುಗಿದರೆ ಮಾತ್ರ ಅಡುಗೆಯವರದು ಅನ್ಯಾಯ. ಅಭಾವ ಇರಬೇಕು, ತನ್ನ ಸರದಿ ಮುಗಿದ ಮೇಲೆ ಇರಬೇಕು. ಇದನ್ನು ಯಾವ ಟಂಕಸಾಲೆ ತಾನೇ ಪೂರೈಸೀತು?

ಪೂರೈಸಲು ಹೋಗಿ ಆ ದೇಶದ ಟಂಕಸಾಲೆ 2021ರಲ್ಲಿ ಚೆನ್ನಾಗಿ ಬೈಸಿಕೊಂಡಿತು. ಮಾರ್ಗನ್ ಡಾಲರ್ ಎಂಬ ಹಳೆಯ ಬೆಳ್ಳಿ ನಾಣ್ಯದ ಮಾದರಿಯಲ್ಲಿ ಹೊಸ ಬೆಳ್ಳಿ ನಾಣ್ಯ ಬರುತ್ತದೆ, ಒಂದೊಂದು ಬಗೆಗೆ 1,75,000 ಮಾತ್ರ ಎಂದು ಪ್ರಕಟಿಸಿದರು. ಮೇ 24, ಅಲ್ಲಿಯ ಮಧ್ಯಾಹ್ನ 12 ಗಂಟೆ. ನಮ್ಮಲ್ಲಿ ರಾತ್ರಿ 9.30. ದೇಶದ ಉದ್ದಗಲಕ್ಕೂ ಜನ ಮೂರು ಕಂಪ್ಯೂಟರ್, ನಾಲ್ಕು ಮೊಬೈಲ್ ತೆರೆದಿಟ್ಟುಕೊಂಡು ಕಾಯುತ್ತಿದ್ದರು. ಒಂದು ಮನೆಗೆ ಇಷ್ಟೇ ಎಂಬ ಮಿತಿಯಿತ್ತು. ಇಂಥ ಮಿತಿ ಬಂದಾಗ ಅವಿಭಕ್ತ ಕುಟುಂಬದ ಮಹಿಮೆ ಅಮೆರಿಕನ್ನರಿಗೂ ಅರಿವಾಗುತ್ತದೆ. ಅತ್ತೆ, ಭಾವ, ಷಡ್ಡಕ, ಎಲ್ಲರ ವಿಳಾಸವೂ ಒಮ್ಮೆಗೇ ಪ್ರಿಯವಾಗುತ್ತದೆ. ಹನ್ನೆರಡು ಹೊಡೆದದ್ದೇ ತಡ, ಜಾಲತಾಣ ಉಸಿರುಗಟ್ಟಿ ನಿಂತಿತು. ಕೆಲವರಿಗೆ ಸಿಕ್ಕಿತು, ಬಹಳ ಜನರಿಗೆ ಬಿಳಿ ಪರದೆ ಕಂಡಿತು. ಗಲಾಟೆ ಎಷ್ಟಾಯಿತೆಂದರೆ ಅದೇ ಸಾಲಿನ ಮುಂದಿನ ನಾಣ್ಯಗಳ ಮಾರಾಟವನ್ನು ಟಂಕಸಾಲೆ ಮುಂದೂಡಿತು.

ಅದೇ ದಿನಗಳಲ್ಲಿ ಟಂಕಸಾಲೆ ಜಗತ್ತಿನಲ್ಲೇ ಬೆಳ್ಳಿಯ ಕೊರತೆ ಇದೆ ಎಂದು ಹೇಳಿ, ಬೆಳ್ಳಿಯ ವ್ಯಾಪಾರಿಗಳು ಹೌಹಾರಿದ ಮೇಲೆ ಮಾತು ತಿದ್ದಿಕೊಂಡಿತು. ಕೊರತೆ ಇದ್ದದ್ದು ಬಿಲ್ಲೆಗಳದ್ದಂತೆ, ಅಂದರೆ ಅಚ್ಚು ಒತ್ತುವ ಮೊದಲಿನ ನುಣುಪಾದ ಬೆಳ್ಳಿಯ ತಟ್ಟೆಗಳದ್ದು. ಇದು ಸಂಗ್ರಹಕಾರರಿಗೆ ಇನ್ನೂ ಉರಿಸಿತು. ಬೆಳ್ಳಿ ಇದೆ, ಅಚ್ಚು ಇದೆ, ಯಂತ್ರ ಇದೆ, ನಡುವೆ ದುಂಡಗೆ ಕತ್ತರಿಸಿ ಕೊಡುವವರು ಸಾಲದು! ನನಗೆ ಮಾತ್ರ ಇದು ಸಹಜವಾಗಿಯೇ ಕಂಡಿತು. ಮದುವೆಗೆ ಛತ್ರವೂ ಹೆಣ್ಣುಗಂಡೂ ಸಿದ್ಧವಿದ್ದು ಪುರೋಹಿತರು ಸಿಗದೆ ಮುಹೂರ್ತ ಮುಂದೆ ಹೋದದ್ದನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ.

ಆ ಮಾರ್ಗನ್ ಡಾಲರಿನ ಕಥೆಯಲ್ಲಿ ನಮ್ಮವರ ಕೈವಾಡವೂ ಇದೆ. ಅದನ್ನು ತಿಳಿದ ಮೇಲೆ ತಮ್ಮನ ದೂರುಗಳನ್ನು ನಾನು ತುಸು ತಪ್ಪಿತಸ್ಥನಂತೆ ಕೇಳುತ್ತೇನೆ. ಮೊದಲ ಮಹಾಯುದ್ಧದ ಹೊತ್ತಿಗೆ ಹಿಂದೂಸ್ತಾನದ ಜನ ಬ್ರಿಟಿಷರ ಕಾಗದದ ನೋಟನ್ನು ನಂಬಲಿಲ್ಲ, ಬೆಳ್ಳಿಯ ರೂಪಾಯಿಯನ್ನೇ ಕೇಳಿದರು. ಕೈಗೆ ಬಂದ ರೂಪಾಯಿ ಸೊಂಟದ ಚೀಲ, ಮಡಕೆ, ಗೋಡೆಯ ಗೂಡು ಸೇರಿ ಮತ್ತೆ ಹೊರಗೆ ಬರುತ್ತಿರಲಿಲ್ಲ. ಸರ್ಕಾರ 1917ರ ಕೊನೆಗೆ ಒಂದು ರೂಪಾಯಿಯ ನೋಟು, ಮರುವರ್ಷ ಎರಡೂವರೆ ರೂಪಾಯಿಯ ನೋಟು ತಂದು ನೋಡಿತು. ಸಾಲಲಿಲ್ಲ. ಬ್ರಿಟನ್ನು ಅಮೆರಿಕದ ಮುಂದೆ ಕೈಚಾಚಿತು. ನೆವಾಡಾದ ಸೆನೆಟರ್ ಕೀ ಪಿಟ್‌ಮನ್ ಹೆಸರಿನ ಕಾಯ್ದೆ 1918ರ ಏಪ್ರಿಲ್‌ನಲ್ಲಿ ಬಂತು. ಅದರಂತೆ ಅಮೆರಿಕ ತನ್ನ ಖಜಾನೆಯಲ್ಲಿದ್ದ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿತು, ಅದರಲ್ಲಿ ಸುಮಾರು 26 ಕೋಟಿಯಷ್ಟರ ಬೆಳ್ಳಿಯನ್ನು ಬ್ರಿಟನ್ನಿಗೆ ಮಾರಿತು. ಅದು ನಮ್ಮ ಕಡೆಗೆ ಹಡಗೇರಿ ಬಂದು ಐದನೆಯ ಜಾರ್ಜ್ ದೊರೆಯ ರೂಪಾಯಿಗಳಾಯಿತು.

ಕರಗಿಸಿದವುಗಳಲ್ಲಿ ಹೆಚ್ಚಿನವು ಮಾರ್ಗನ್ ಡಾಲರುಗಳು. ಯಾವ ವರ್ಷದ್ದು, ಯಾವ ಟಂಕಸಾಲೆಯದ್ದು ಎಷ್ಟು ಹೋಯಿತೆಂದು ಯಾರೂ ಬರೆದಿಡಲಿಲ್ಲ. ಕೆಲವು ವರ್ಷದವು ಲಕ್ಷಗಟ್ಟಲೆ ತಯಾರಾಗಿಯೂ ಇವತ್ತು ದುರ್ಲಭ. ಕರಗಿಸಿದಷ್ಟನ್ನು ಮತ್ತೆ ತುಂಬಿಕೊಡಬೇಕೆಂದು ಅದೇ ಕಾಯ್ದೆಯಲ್ಲಿತ್ತು. ಆದ್ದರಿಂದ 1904ರಲ್ಲಿ ನಿಂತಿದ್ದ ಮಾರ್ಗನ್ ಡಾಲರನ್ನು 1921ರಲ್ಲಿ ಮತ್ತೆ ಅಚ್ಚು ಹಾಕಿದರು, ಆ ವರ್ಷದ ಕೊನೆಗೆ 'ಪೀಸ್' ಅಂದರೆ ಶಾಂತಿಯ ಹೆಸರಿನ ಹೊಸ ಡಾಲರ್ ಬಂತು. 2021ರ ಗದ್ದಲದ ನಾಣ್ಯ ಈ ಘಟನೆಯ ನೂರನೆಯ ವರ್ಷದ ನೆನಪಿಗೆ ಬಂದದ್ದು. ನಮ್ಮ ಮುತ್ತಜ್ಜಂದಿರು ಮಡಕೆಯಲ್ಲಿ ರೂಪಾಯಿ ಬಚ್ಚಿಟ್ಟದ್ದರ ದೂರದ ಫಲವನ್ನು ಡಲ್ಲಾಸಿನವರು ಪರದೆಯ ಮುಂದೆ ಕುಳಿತು ಉಣ್ಣುತ್ತಿದ್ದಾರೆ.

ಬಚ್ಚಿಡುವ ಚಾಳಿ ನಮ್ಮನ್ನು ಬಿಟ್ಟಿಲ್ಲ. 2025ರ ದೀಪಾವಳಿಗೆ ಮುಂಚೆ ಇಲ್ಲಿಯೇ ಬೆಳ್ಳಿ ಸಾಲದಾಯಿತು. ವಿದೇಶದ ಬೆಲೆಗಿಂತ ಇಲ್ಲಿಯದು ಮೇಲೆ ಹೋಯಿತು, ಕೆಲವು ಮ್ಯೂಚುವಲ್ ಫಂಡುಗಳು ಬೆಳ್ಳಿಯ ನಿಧಿಗೆ ಇಡಿಗಂಟು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದವು. ಕಾರಣಗಳಲ್ಲಿ ಒಂದು ಧನತೇರಸ್ ಖರೀದಿ. ನಾನು ಚಿಕ್ಕವನಿದ್ದಾಗ ನಮ್ಮ ಕಡೆ ಆ ಸಂಜೆ ನೀರು ತುಂಬುವ ಹಬ್ಬ. ಹಂಡೆ ಬೆಳಗಿ, ನೀರು ತುಂಬಿ, ಪೂಜೆ ಮಾಡಿದರೆ ಆಗಿಹೋಗುತ್ತಿತ್ತು. ನೀರಿಗೆ ಯಾವ ವ್ಯಾಪಾರಿಯೂ ಲಾಭ ಹತ್ತಿಸುತ್ತಿರಲಿಲ್ಲ.

ಪಿಟ್‌ಮನ್ ಕಾಯ್ದೆಯ ಕಥೆಯನ್ನು ತಮ್ಮನಿಗೆ ಹೇಳಿ ಸಮಾಧಾನ ಮಾಡೋಣವೆಂದು ಹೊರಟದ್ದು ತಿರುಗಿಬಿತ್ತು. ಕಥೆ ಕೇಳಿ ಅವನು ಕ್ಷಣ ಸುಮ್ಮನಿದ್ದು, "ಹಾಗಾದರೆ ದೊಡ್ಡಮ್ಮನ ಪೆಟ್ಟಿಗೆಯಲ್ಲಿರುವ ಜಾರ್ಜ್ ರೂಪಾಯಿಗಳಲ್ಲಿ ನಮ್ಮ ಡಾಲರಿನ ಬೆಳ್ಳಿ ಇರಬಹುದು" ಎಂದ. 'ನಮ್ಮ' ಎಂಬ ಮಾತನ್ನು ನಾನು ಕೇಳಿಸಿಕೊಳ್ಳದವನಂತೆ ಬಿಟ್ಟೆ. 1918, 1919, 1920ರವು ಇವೆಯೇ ನೋಡಬೇಕಂತೆ. ಅದರ ಜೊತೆ 1911ರದು ಕಂಡರೆ ತಕ್ಷಣ ಫೋಟೋ ಕಳುಹಿಸಬೇಕಂತೆ. ಆ ವರ್ಷದ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡು ದೊಡ್ಡ ರಾದ್ಧಾಂತವಾಗಿ, ನಾಣ್ಯವನ್ನು ಹಿಂದಕ್ಕೆ ಪಡೆದು ಮರುವರ್ಷ ಸೊಂಡಿಲು ತಿದ್ದಿದರು. ಹಿಂದಕ್ಕೆ ಹೋಗದೆ ಉಳಿದವಕ್ಕೆ ಈಗ ಬೇಡಿಕೆ ಇದೆ.

ಅಮ್ಮ ಅಡುಗೆಮನೆಯಲ್ಲಿ ಹುರಳಿಕಾಯಿ ಮುರಿಯುತ್ತಿದ್ದರು. ವಿಷಯ ಹೇಳಿದೆ. ಆ ರೂಪಾಯಿಗಳು ವರಮಹಾಲಕ್ಷ್ಮಿ ಹಬ್ಬದ ದಿನ ಕಲಶಕ್ಕೆಂದು ಹೊರಗೆ ಬಂದು ಮರುದಿನ ಪೆಟ್ಟಿಗೆ ಸೇರುತ್ತವೆ. ಪೆಟ್ಟಿಗೆಯ ಬೀಗದ ಕೈ ಎಲ್ಲಿದೆ ಎಂಬುದು ನಮ್ಮ ಅಪ್ಪನಿಗೂ ಕೊನೆಯವರೆಗೆ ತಿಳಿದಿರಲಿಲ್ಲ.

"ಇಸವಿ ನೋಡಿ ಕೊಡುವುದಕ್ಕೆ ಅದೇನು ಪಂಚಾಂಗವೇ?" ಎಂದರು ಅಮ್ಮ.

"ಒಂದೆರಡು ಇದ್ದರೆ ಕೊಳ್ಳುತ್ತಾನಂತೆ. ನೀವು ಕೇಳಿದಷ್ಟು ಕೊಡುತ್ತಾನಂತೆ."

ಅಮ್ಮ ನಾರು ತೆಗೆದ ಕಾಯನ್ನು ಬುಟ್ಟಿಗೆ ಹಾಕಿದರು. "ಮುಗಿದುಹೋಗಿದೆ ಎಂದು ಹೇಳು" ಎಂದರು. "ಶ್ರಾವಣದಲ್ಲಿ ಬಂದರೆ ನೋಡಿಕೊಂಡು, ಊಟ ಮಾಡಿಕೊಂಡು ಹೋಗಲಿ."