ಜೀವನಾಂಶ ಕೊಡುವವನೇ ಇಲ್ಲವಾದರೆ?

ನಮ್ಮ ಕಡೆ ವಿಚ್ಛೇದನದ ಮಾತುಕತೆ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತದೆ: ಒಟ್ಟಿಗೆ ಎಷ್ಟು, ತಿಂಗಳಿಗೆ ಎಷ್ಟು? ಮಧ್ಯಸ್ಥಿಕೆ ಕೇಂದ್ರದಲ್ಲಿ ಎರಡೂ ಕಡೆಯವರು ಕುಳಿತು ಮಗುವಿನ ಶಾಲಾ ಶುಲ್ಕ, ಒಡವೆ, ಮನೆ ಸಾಲ ಎಲ್ಲವನ್ನೂ ಜಗ್ಗಾಡುತ್ತಾರೆ. ಆ ದುಡ್ಡು ಕೊಡಬೇಕಾದವನು ನಾಳೆ ಹೆದ್ದಾರಿಯಲ್ಲಿ ಸತ್ತರೆ ಮಗುವಿನ ಗತಿ ಏನು ಎಂದು ಯಾರೂ ಕೇಳುವುದಿಲ್ಲ. ಕೇಳಿದವರಿಗೆ ‘ಬಿಡ್ತು ಅನ್ನಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ನಾನಿರುವ ಅಮೆರಿಕದ ನ್ಯೂಜೆರ್ಸಿಯಲ್ಲಿ ಈ ಅಪಶಕುನದ ಪ್ರಶ್ನೆಯನ್ನು ವಕೀಲರೇ ಎತ್ತುತ್ತಾರೆ. ಜೀವನಾಂಶ ಕೊಡುವವರು ಜೀವವಿಮೆ ಇಟ್ಟುಕೊಂಡಿರಬೇಕು ಎಂದು ನ್ಯಾಯಾಲಯ ಆದೇಶಿಸಲು ಇಲ್ಲಿನ ಕಾನೂನಿನಲ್ಲೇ ಅವಕಾಶವಿದೆ. ದಾವಣಗೆರೆ ಮೂಲದ ಪರಿಚಯಸ್ಥರೊಬ್ಬರು ತಮ್ಮ ಒಪ್ಪಂದ ಪತ್ರವನ್ನು ನನಗೆ ತೋರಿಸಿದ್ದರು. ವಿಮೆಯ ಮೊತ್ತ ಇಷ್ಟಿರಬೇಕು, ಮಗಳ ಓದು ಮುಗಿಯುವವರೆಗೆ ಚಾಲ್ತಿಯಲ್ಲಿರಬೇಕು, ಕೊಡಬೇಕಾದ ಬಾಕಿ ಕರಗಿದಂತೆ ಮೊತ್ತವನ್ನೂ ಇಳಿಸಬಹುದು, ವರ್ಷಕ್ಕೊಮ್ಮೆ ಪಾಲಿಸಿ ಜೀವಂತವಾಗಿದೆ ಎಂಬ ದಾಖಲೆಯನ್ನು ಮಗಳ ತಾಯಿಗೆ ಕಳುಹಿಸಬೇಕು. ಕಂತು ತಪ್ಪಿ ಪಾಲಿಸಿ ರದ್ದಾಗಿದ್ದಾಗ ಅವರು ತೀರಿಕೊಂಡರೆ ಅಷ್ಟೂ ಹಣ ಅವರ ಆಸ್ತಿಯ ಮೇಲಿನ ಸಾಲ. ಓದುತ್ತಿದ್ದಂತೆ ಮೈ ಜುಮ್ಮೆಂದಿತು. ಬದುಕಿರುವವನ ಸಾವನ್ನು ಇಷ್ಟು ತಣ್ಣಗೆ ಬರೆಯಬಹುದೇ ಅನ್ನಿಸಿತು. ಬರೆಯಬಹುದು, ಬರೆಯಲೇಬೇಕು ಎಂಬುದು ಈಗ ನನ್ನ ಅಭಿಪ್ರಾಯ.

ಹಾಗೆಂದು ಅಮೆರಿಕವನ್ನು ತಲೆಯ ಮೇಲೆ ಹೊತ್ತು ಕುಣಿಯಬೇಕಿಲ್ಲ. ಬೋಯಿಂಗ್ ಕಂಪನಿಯ ನೌಕರ ಡೇವಿಡ್ ಎಗಲ್ಹಾಫ್ 1994ರಲ್ಲಿ ವಿಚ್ಛೇದನ ಪಡೆದು, ಎರಡು ತಿಂಗಳು ಕಳೆದ ಸ್ವಲ್ಪ ದಿನಕ್ಕೇ ಕಾರು ಅಪಘಾತಕ್ಕೆ ಬಲಿಯಾದರು. ಕಂಪನಿಯ ವಿಮೆಯ ಅರ್ಜಿಯಲ್ಲಿ ಮಾಜಿ ಪತ್ನಿಯ ಹೆಸರು ಹಾಗೇ ಉಳಿದಿತ್ತು. ವಿಚ್ಛೇದನವಾದೊಡನೆ ಅಂಥ ಹೆಸರು ತಾನಾಗಿ ರದ್ದಾಗುತ್ತದೆ ಎಂದು ಅವರ ರಾಜ್ಯದ ಕಾನೂನು ಹೇಳುತ್ತಿತ್ತು. ಮೊದಲ ಮದುವೆಯ ಮಕ್ಕಳು ಅದನ್ನೇ ನಂಬಿ ಮೊಕದ್ದಮೆ ಹೂಡಿದರು. ಉದ್ಯೋಗದಾತರ ವಿಮೆಗೆ ಒಕ್ಕೂಟದ ಕಾನೂನೇ ಅನ್ವಯ, ಅರ್ಜಿಯಲ್ಲಿ ಹೆಸರಿದ್ದವರಿಗೇ ಹಣ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಪು ಕೊಟ್ಟಿತು. ನಮ್ಮಲ್ಲೂ ಡಿಕ್ರಿ, ಅಂದರೆ ನ್ಯಾಯಾಲಯದ ಅಂತಿಮ ಆದೇಶ, ಕೈಗೆ ಬಂದ ಮಾತ್ರಕ್ಕೆ ಎಲ್‌ಐಸಿ ಪಾಲಿಸಿಯ ನಾಮಿನಿ ಬದಲಾಗುವುದಿಲ್ಲ. ಶಾಖೆಗೆ ಹೋಗಿ ಅರ್ಜಿ ಕೊಡಬೇಕು.

ಆರೋಗ್ಯ ವಿಮೆಯಲ್ಲಿ ಇಲ್ಲಿನ ವ್ಯವಸ್ಥೆ ಸ್ವಲ್ಪ ಮೇಲು, ಆದರೆ ದುಬಾರಿ. ಗಂಡನ ಕಚೇರಿಯ ವಿಮೆಯಲ್ಲಿದ್ದ ಹೆಂಡತಿ ವಿಚ್ಛೇದನದ ನಂತರವೂ ‘ಕೋಬ್ರಾ’ ಕಾನೂನಿನ ಅಡಿ 36 ತಿಂಗಳವರೆಗೆ ಅದರಲ್ಲೇ ಮುಂದುವರಿಯಬಹುದು. ಆದರೆ 60 ದಿನಗಳೊಳಗೆ ತಿಳಿಸಬೇಕು, ಕಂಪನಿ ಭರಿಸುತ್ತಿದ್ದ ಪಾಲನ್ನೂ ಸೇರಿಸಿ ಪೂರ್ತಿ ಕಂತನ್ನು ತಾವೇ ಕಟ್ಟಬೇಕು. ಹೆಸರಿಗೆ ತಕ್ಕ ಕಡಿತ! ಬೆಂಗಳೂರಿನ ಕಂಪನಿಯ ಮೆಡಿಕ್ಲೈಮ್‌ನಲ್ಲಿ ಅಷ್ಟು ಉಸಿರಾಡುವ ಸಮಯವನ್ನು ಯಾವ ಕಾನೂನೂ ಕೊಡುವುದಿಲ್ಲ. ನಲವತ್ತು ದಾಟಿದ, ಸಕ್ಕರೆ ಕಾಯಿಲೆಯಿರುವ ಹೆಂಗಸು ಹೊಸ ಪಾಲಿಸಿ ಕೊಂಡರೆ ಹಳೆಯ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ವಿಮಾ ಕಂಪನಿಯನ್ನು ಬಿಡದೆ ಗುಂಪು ಪಾಲಿಸಿಯಿಂದ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೇಳುವ ದಾರಿಯೊಂದಿದೆ. ಹೆಸರು ತೆಗೆದುಹಾಕಿದ ಮೇಲೆ ನೆನಪಾದರೆ ಅದೂ ಕೈ ತಪ್ಪುತ್ತದೆ.

ಇನ್ನು ನನಗೆ ನಿಜವಾಗಿ ಹೊಟ್ಟೆ ಉರಿಸುವ ಸಂಗತಿ. ಇಲ್ಲಿಯವರು ಪುಟಗಟ್ಟಲೆ ಬರೆದು ಸಾಧಿಸುವುದನ್ನು ನಮ್ಮ ಒಂದು ಹಳೆಯ ಕಾನೂನು ಸಲೀಸಾಗಿ ಮಾಡುತ್ತದೆ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ 6ನೇ ಕಲಂ ಪ್ರಕಾರ ಗಂಡನಾದವನು ಹೆಂಡತಿ, ಮಕ್ಕಳ ಹಿತಕ್ಕಾಗಿ ಮಾಡಿಸಿದ ಪಾಲಿಸಿ ಒಂದು ಟ್ರಸ್ಟ್, ಅಂದರೆ ಅವರಿಗಾಗಿಯೇ ಕಾದಿರಿಸಿದ ಆಸ್ತಿ, ಆಗುತ್ತದೆ. ಅದರ ಹಣ ಅವನ ಆಸ್ತಿಯಲ್ಲಿ ಸೇರುವುದಿಲ್ಲ, ಅವನಿಗೆ ಸಾಲ ಕೊಟ್ಟವರು ಮುಟ್ಟುವಂತಿಲ್ಲ, ಆಮೇಲೆ ಮನಸ್ಸು ಬದಲಾಯಿಸಿ ಎರಡನೆಯ ಹೆಂಡತಿಯ ಹೆಸರಿಗೆ ತಿರುಗಿಸುವಂತೆಯೂ ಇಲ್ಲ. ವಿಚ್ಛೇದಿತ ತಂದೆ ಮಕ್ಕಳ ಹೆಸರಿನಲ್ಲಿ ಇದನ್ನು ಮಾಡಿಸಬಹುದು, ಮಕ್ಕಳ ತಾಯಿಯನ್ನೇ ಟ್ರಸ್ಟಿಯನ್ನಾಗಿ ನೇಮಿಸಬಹುದು. ಪಾಲಿಸಿ ಕೊಳ್ಳುವಾಗಲೇ ಹೆಚ್ಚುವರಿ ನಮೂನೆಯೊಂದನ್ನು ತುಂಬಿದರೆ ಮುಗಿಯಿತು. ಏಜೆಂಟರು ಇದನ್ನು ಸಾಲ ಕೊಟ್ಟವರಿಂದ ರಕ್ಷಣೆ ಬೇಕಾದ ವ್ಯಾಪಾರಿಗಳಿಗೆ ಹೇಳಿ ಮಾರುತ್ತಾರೆ. ಒಡೆದ ಸಂಸಾರದ ಮಕ್ಕಳಿಗೆ ಇದು ಎಷ್ಟು ಬೇಕು ಎಂದು ಹೇಳಿದ ವಕೀಲರು ನನಗೆ ಈವರೆಗೆ ಸಿಕ್ಕಿಲ್ಲ.

ಹೊರನಾಡಿನವರಿಗಂತೂ ಇದು ಇನ್ನೂ ಮುಖ್ಯ. ಇಲ್ಲಿ ಡಿಕ್ರಿಯಾಗಿ ಗಂಡ ಬೆಂಗಳೂರಿಗೆ ಮರಳಿದನೆನ್ನಿ. ಹಣಕಾಸಿನ ಡಿಕ್ರಿಗಳನ್ನು ನೇರವಾಗಿ ಜಾರಿ ಮಾಡಲು ಭಾರತ ಗುರುತಿಸಿರುವ ದೇಶಗಳಲ್ಲಿ ಬ್ರಿಟನ್, ಸಿಂಗಪುರ ಇವೆ, ಅಮೆರಿಕ ಇಲ್ಲ. ತಾಯಿ ಮತ್ತೆ ಹೊಸದಾಗಿ ಕೋರ್ಟು ಕಟ್ಟೆ ಹತ್ತಬೇಕು. ವಿಮಾ ಕಂಪನಿಗೆ ಆ ತಗಾದೆಗಳಿಲ್ಲ. ಮರಣ ಪ್ರಮಾಣಪತ್ರ ಮತ್ತು ಟ್ರಸ್ಟಿಯ ದಾಖಲೆಗಳಿದ್ದರೆ ಹಣ ಕೊಡಬೇಕಾದದ್ದು ಅದರ ಕರ್ತವ್ಯ.

ಇಷ್ಟು ಹೊತ್ತೂ ಗಂಡನೇ ಸಾಯುತ್ತಾನೆಂದು ಬರೆದೆ. ಮಗುವನ್ನು ಸಾಕುತ್ತಿರುವ ತಾಯಿ ತೀರಿಕೊಂಡರೆ? ಅವಳ ದುಡಿಮೆಗೆ ಸಂಬಳದ ಚೀಟಿ ಇಲ್ಲವಾದ್ದರಿಂದ ಅದಕ್ಕೆ ವಿಮೆ ಬೇಕೆಂದು ಎರಡೂ ದೇಶಗಳಲ್ಲಿ ಜನ ಮರೆಯುತ್ತಾರೆ. ನಮ್ಮಲ್ಲಿ ಇನ್ನೊಂದು ತೊಡಕಿದೆ. ಗೃಹಿಣಿಗೆ ಟರ್ಮ್ ಪಾಲಿಸಿ (ನಿಗದಿತ ಅವಧಿಯೊಳಗೆ ಸತ್ತರೆ ಹಣ ಕೊಡುವ ವಿಮೆ) ಕೊಡುವಾಗ ಹಲವು ಕಂಪನಿಗಳು ಗಂಡನ ಆದಾಯವನ್ನೂ ಅವನ ಪಾಲಿಸಿಯನ್ನೂ ಕೇಳುತ್ತವೆ. ವಿಚ್ಛೇದನವಾದ ಮೇಲೆ ತೋರಿಸಲು ಗಂಡನಿಲ್ಲ, ಆದಾಯವೂ ಇಲ್ಲ. ಹಾಗಾಗಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹೋಗುವವರಿಗೆ ನನ್ನದೊಂದು ಸಲಹೆ. ಮೊದಲ ಅರ್ಜಿಗೂ ಎರಡನೆಯದಕ್ಕೂ ನಡುವೆ ಕಾನೂನು ಆರು ತಿಂಗಳ ಬಿಡುವು ಇಟ್ಟಿದೆ. ನಮ್ಮ ಸುಪ್ರೀಂ ಕೋರ್ಟಿನ 2017ರ ತೀರ್ಪಿನ ನಂತರ ಅದನ್ನು ಮನ್ನಾ ಮಾಡಿಸಿಕೊಳ್ಳಲು ಎಲ್ಲರಿಗೂ ಅವಸರ. ಅವಸರ ಬೇಡ. ಇಬ್ಬರೂ ವೈದ್ಯಕೀಯ ಪರೀಕ್ಷೆ ಮಾಡಿಸಿ, ವಿಚ್ಛೇದನದ ಅರ್ಜಿ ಹಾಕಿರುವುದನ್ನು ಮುಚ್ಚಿಡದೆ, ಇಬ್ಬರ ಹೆಸರಿನಲ್ಲೂ ಪಾಲಿಸಿ ಪಡೆಯಲು ಆ ಬಿಡುವು ಸಾಕು. ಎರಡನೆಯ ಅರ್ಜಿಯ ದಿನ ಒಪ್ಪಂದ ಪತ್ರದ ಜೊತೆ ಎರಡೂ ಪಾಲಿಸಿಗಳ ನಕಲು ಲಗತ್ತಾಗಿರಲಿ.